ಬಿಂದಿಗೆ ಬಿಟ್ಟು ಮಣ್ಣು ಕದ್ದವನು

ಹಲಸೂರಿನ ಮಾಜಿ ಸಿಪಾಯಿಗಳ ಸಂಘದ ಬಾಗಿಲು ತೆರೆದಾಗ ಹಿತ್ತಾಳೆ ಬಿಂದಿಗೆ ಇದ್ದಲ್ಲೇ ಇತ್ತು. ಒಳಗಿನ ಮಣ್ಣು ಮಾತ್ರ ಮಾಯ!

ಇದು 1995ರ ಮಾತು. ಸಂಜೆ ಪತ್ರಿಕೆಯ ವರದಿಗಾರ ಮುನಿರಾಜ್ ಎಂದರೆ ಆಗ ದಂಡು ಪ್ರದೇಶವೇ ನಡುಗುತ್ತಿತ್ತು. ಹಲಸೂರು ಕೆರೆಗೆ ಬಿದ್ದ ಸೂಜಿಯನ್ನು ದಡದಲ್ಲೇ ಕುಳಿತು ಮೂಸಿ ಹುಡುಕುವವನು ನಾನು. ಪೊಲೀಸರಿಗಿಂತ ಮೊದಲು ನನಗೇ ಕರೆ ಬಂತು.

ಅದು ಅಂತಿಂಥ ಮಣ್ಣಲ್ಲ. ಮಹಾಯುದ್ಧದಲ್ಲಿ ನಮ್ಮವರು ಸತ್ತ ಬರ್ಮಾ ಗಡಿಯ ಕಾಡಿನಲ್ಲಿ ಒಂದು ಸ್ಮಾರಕವಿದೆ. ಅದರ ಬುಡದ ಮಣ್ಣು. ಅಲ್ಲಿ ಕಾದಾಡಿ ಬದುಕಿ ಬಂದ ಬೈಲಪ್ಪನವರನ್ನು ಸಂಘವೇ ರೈಲು ಹತ್ತಿಸಿ ಕಳಿಸಿ ಆ ಮಣ್ಣು ತರಿಸಿತ್ತು. ಮಾರನೆಯ ದಿನ ಅದನ್ನು ಹಲಸೂರಿನ ಹೊಸ ಸ್ಮಾರಕದ ಕಲ್ಲಿನ ಕೆಳಗೆ ಸುರಿಯಬೇಕಿತ್ತು.

ಸಂಘದ ಕೋಣೆ ನೋಡಿಕೊಳ್ಳುವ ಗಂಗಲಕ್ಷ್ಮಮ್ಮ ನೆಲದ ಮೇಲೆ ಕುಸಿದಿದ್ದರು. ಅವರ ಗಂಡ ಪಿಳ್ಳಪ್ಪ ಆ ಕಾಡಿನಲ್ಲೇ ಸತ್ತವರು; ತನ್ನ ತೊಡೆ ಮೇಲೇ ಪ್ರಾಣ ಬಿಟ್ಟ ಎಂದು ಬೈಲಪ್ಪ ಎಲ್ಲರಿಗೂ ಹೇಳುತ್ತಿದ್ದರು. ಹೆಣವೂ ಸಿಕ್ಕಿರಲಿಲ್ಲ.

"ಸಾಯೋವಾಗ ಬಾಯಿಗೆ ನೀರು ಬಿಡಕ್ಕೆ ನಾನಿರ್ಲಿಲ್ಲ ಮುನಿರಾಜಪ್ಪ. ಮಣ್ಣು ಬಂದಾಗಿಂದ ದಿನಾ ಒಂದಿಷ್ಟು ನೀರು ಹುಯ್ತಿದ್ದೆ. ಹುಡುಕ್ಕೊಡಪ್ಪ."

"ಬೀಗ ಒಡೆದಿಲ್ಲ. ಬೀಗದ ಕೈ ಯಾರತ್ರ ಇದೆ?"

"ಒಂದು ನನ್ನತ್ರ, ಒಂದು ಬೈಲಣ್ಣನ ಹತ್ರ. ನೆನ್ನೆ ಮುಕ್ತಾರ್ ಸಾಬ್ರು ಬಂದು ಬಿಂದಿಗೆಗೆ ಪಾಲಿಶ್ ಹಾಕಿ ಹೋದ್ರು."

ಸಿಕ್ಕಿದ ಕಳ್ಳ!

* * *

ರಸೆಲ್ ಮಾರುಕಟ್ಟೆಯ ಹಿಂದೆ ಮುಕ್ತಾರನ ಹಳೇ ಪಾತ್ರೆ ಅಂಗಡಿ. ನನ್ನನ್ನು ಕಂಡು ಕೋಳಿಗಳೂ ಕೂಗು ನಿಲ್ಲಿಸಿದವು.

"ಮಣ್ಣೆಲ್ಲಿ?" ಗುಡುಗಿದೆ.

"ಅರೆ ಗುರು, ನಾನು ಹಿತ್ತಾಳೆ ವ್ಯಾಪಾರಿ. ಬಿಂದಿಗೆ ಬಿಟ್ಟು ಮಣ್ಣು ತಂದ್ರೆ ನನ್ನ ಬೀಬಿ ಊಟ ಹಾಕ್ತಾಳಾ?"

ನನ್ನ ಮಹಾನ್ ಮೆದುಳು ಆಗ ಸರಿಯಾಗಿ ತಿರುಗಿತು. ಬಿಂದಿಗೆ ಬೇಡದ ಕಳ್ಳ. ಮಣ್ಣು ಇರಬಾರದು, ಅಷ್ಟೇ ಅವನಿಗೆ ಬೇಕಾದದ್ದು. ಯಾಕೆ?

* * *

ಗಂಗಲಕ್ಷ್ಮಮ್ಮನ ಮನೆಗೆ ಹೋದೆ. ಕಿಟಕಿಯಲ್ಲೊಂದು ತೆಂಗಿನ ಚಿಪ್ಪು, ಅದರಲ್ಲೊಂದು ಎಳೆ ಸಸಿ.

"ಅದೇನಮ್ಮ?"

"ಕಾಡಿನ ಗಿಡ ಕಣಪ್ಪ! ಬಿಂದಿಗೇಲಿ ಮೊಳಕೆ ಬಂದಿತ್ತು. ಕಣ್ಣಿಗೆ ಪೊರೆ, ಕೈಗೆ ಸಿಕ್ಕಿದ್ದು ಒಂದೇ. ಮೆಲ್ಲಗೆ ಕಿತ್ತು ತಂದೆ. ಅವರೇ ಕಳ್ಸಿದಂಗಾಯ್ತು. ಬೈಲಣ್ಣಂಗೂ ಮೊನ್ನೆ ಹೇಳ್ದೆ."

ಬಗ್ಗಿ ನೋಡಿದೆ. ನನ್ನ ಮೀಸೆ ತಾನಾಗಿಯೇ ಇಳಿಯಿತು. ಅದು ಅವರೆ ಸಸಿ.

* * *

ಕೆ.ಆರ್. ಪುರಕ್ಕೆ ನನ್ನ ಲೂನಾ ಹಾರಿದ ವೇಗಕ್ಕೆ ಎಚ್‌ಎಎಲ್ ವಿಮಾನಗಳು ನಾಚಿಕೊಂಡವು. ಅಲ್ಲಿ ಬೈಲಪ್ಪನ ಮಗಳು ಹಂಸಳ ಮನೆ, ಹಿತ್ತಲ ತುಂಬ ಅವರೆ ಸಾಲು.

"ಅಪ್ಪ ಮಣ್ಣು ತರಕ್ಕೆ ಕಾಡಿಗೆ ಹೋಗಿದ್ದಾಗ ಕಾಗದ ಬರೀತಿದ್ರಾ?"

"ಯಾವ ಕಾಡು? ಆ ದಿನಗಳೆಲ್ಲ ಇಲ್ಲೇ ಇದ್ರಲ್ಲ! ಮೈಗೆ ಹುಷಾರಿಲ್ಲ, ಯಾರಿಗೂ ಹೇಳ್ಬೇಡ ಅಂದಿದ್ರು. ಅಯ್ಯೋ, ಹೇಳ್ಬಿಟ್ನಾ?"

* * *

ಸಂಘದ ಕೋಣೆಯಲ್ಲಿ ಬೈಲಪ್ಪನ ಮುಂದೆ ಚಿಪ್ಪು ಇಟ್ಟೆ. ಗಂಗಲಕ್ಷ್ಮಮ್ಮ ಪಕ್ಕದಲ್ಲಿದ್ದರು.

"ಕಾಡಿನ ಸ್ಮಾರಕದ ಬುಡದಲ್ಲಿ ಅವರೆ ಬಿತ್ತಿದವರ್ಯಾರು ಬೈಲಣ್ಣ? ನೀವು ತಂದದ್ದು ಹಂಸನ ಹಿತ್ತಲ ಮಣ್ಣು. ಅಮ್ಮ ನೀರು ಹುಯ್ದರು, ಬೀಜ ಮೊಳೆಯಿತು. ನಾಳೆ ಬರೋ ಹಳೇ ಸಿಪಾಯಿಗಳೆಲ್ಲ ಹೊಲ ಉತ್ತವರು, ನೋಡಿದ ಕೂಡಲೇ ಹಿಡೀತಾರೆ. ಬೀಗದ ಕೈ ನಿಮ್ಮತ್ರ ಇತ್ತು."

"ಕಿತ್ತೆ ಕಣೋ," ಎಂದರು ಮುದುಕ. "ಮತ್ತೆ ಮತ್ತೆ ಮೊಳೀತು. ಕೆರೆಗೆ ಸುರಿದುಬಿಟ್ಟೆ."

"ಕಾಡಿಗೆ ಯಾಕೆ ಹೋಗ್ಲಿಲ್ಲ?"

ಮುದುಕ ಚಿಪ್ಪನ್ನು ದೂರ ಸರಿಸಿದರು.

"ಪಿಳ್ಳ ನನ್ನ ತೊಡೆ ಮೇಲೆ ಸಾಯ್ಲಿಲ್ಲ. ಗುಂಡು ಬಿದ್ದು ಒದ್ದಾಡ್ತಿದ್ದ. ನೀರು ಕೇಳ್ದ. ಬಿಟ್ಟು ಓಡ್ಬಿಟ್ಟೆ. ಆ ಕಲ್ಲಿನ ಮುಂದೆ ಹೆಂಗೆ ನಿಂತ್ಕೊಳ್ಳಿ?"

ಗಂಗಲಕ್ಷ್ಮಮ್ಮ ಅಳಲಿಲ್ಲ.

"ಇಷ್ಟು ದಿನ ನಾನು ನೀರು ಹುಯ್ದಿದ್ದು ಯಾರ ಬಾಯಿಗೆ?"

ಆಕೆ ತಡವಿ ಚಿಪ್ಪು ಹುಡುಕಿ ಬೈಲಪ್ಪನ ಕಡೆ ತಳ್ಳಿದರು.

"ತಗೊಂಡೋಗೋ ಬೈಲ. ಕಾಯಿ ಬಿಟ್ರೆ ಸಾರು ಮಾಡ್ಕೊಂಡು ಉಣ್ಣು."