ಸುತ್ತಿಗೆಗಳಿಲ್ಲದ ಪಿಯಾನೊ

ನಾನು ಹಾಕಿದ ತಂತಿ ಕಳಪೆಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದಿಂದ ಪಿಯಾನೊ ರಿಪೇರಿ ಮಾಡುತ್ತಿದ್ದೇನೆ. ಆ ಮನೆಯಲ್ಲಿ ಮಾತ್ರ ಒಂದೇ ತಿಂಗಳಲ್ಲಿ ಅದೇ ದಪ್ಪ ತಂತಿ ಮೂರು ಸಲ ತುಂಡಾಯಿತು.

"ಪಿಯಾನೊಗೆ ಬೀಗ ಹಾಕಿ ಕೀಲಿ ನಾನೇ ಇಟ್ಕೊಂಡಿದೀನಿ. ತಂತಿ ತಾನಾಗೇ ಹರಿಯತ್ತೇನ್ರೀ? ನಿಮ್ಮ ಕೆಲಸಾನೇ ಸರಿಯಿಲ್ಲ," ಎಂದ ಮನೆಯ ಯಜಮಾನ.

ನನಗೆ ಪಿತ್ತ ನೆತ್ತಿಗೇರಿತು. "ಮೊದಲು ಯಾರು ಬಾರಿಸ್ತಿದ್ರು?"

"ನನ್ನ ತಂಗಿ. ಬೆಳಗಿಂದ ಸಂಜೆವರೆಗೆ ಒಂದೇ ಸೊನಾಟಾ ಬಾರಿಸೋಳು. ಅದು ಸಂಗೀತ ಅಲ್ಲ, ಜಗಳ. ಸಾಕಾಗಿ ಬೀಗ ಹಾಕಿದೆ. ಆಮೇಲೆ ಅವಳು ಹೆಚ್ಚು ದಿನ ಬದುಕಲಿಲ್ಲ."

ಹೊಸ ತಂತಿ ಬಿಗಿದೆ. ಅದನ್ನು ಹೊಡೆಯುವ ಪುಟ್ಟ ಸುತ್ತಿಗೆಗೆ ಹೊಸ ಉಣ್ಣೆಯ ಮೆತ್ತೆ ಅಂಟಿಸಿದೆ. ಆಮೇಲೆ ಕೀಲಿಮಣೆ, ಸುತ್ತಿಗೆ ಎಲ್ಲವನ್ನೂ ಹೊರಗೆಳೆದು ನನ್ನ ವ್ಯಾನಿನಲ್ಲಿಟ್ಟು ಬೀಗ ಜಡಿದೆ.

"ಈಗ ಹರೀಲಿ. ತಪ್ಪು ಯಾರದ್ದು ನೋಡೇಬಿಡೋಣ."

ಮಟಮಟ ಮಧ್ಯಾಹ್ನ. ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದಾಗ ಆ ಖಾಲಿ ಪೆಟ್ಟಿಗೆಯಿಂದ ಸೊನಾಟಾ ಶುರುವಾಯಿತು. ಸ್ವರಗಳು ಮೆಟ್ಟಿಲು ಹತ್ತಿ ಓಡಿಬಂದು ಮುಚ್ಚಿದ ಬಾಗಿಲು ಗುದ್ದುವಂತಿದ್ದವು. ಕೆಳಗಿನ ಒಂದು ದಪ್ಪ ಸ್ವರ ಮಾತ್ರ ಬಿಡದೆ ಬಡಿಯುತ್ತಲೇ ಇತ್ತು. ಆ ಬಡಿತಕ್ಕೆ ಅಂಗಾಲಿನಡಿ ನೆಲ ಅದುರಿತು. ಯಜಮಾನ ಕಿವಿ ಮುಚ್ಚಿಕೊಂಡು, "ಸಾಕು ಮಾಡೇ, ತಪ್ಪಾಯ್ತು," ಎಂದ.

ಸ್ವರ ಇನ್ನೂ ಜೋರಾಯಿತು. ತಂತಿ ಫಟ್ಟನೆ ಹರಿಯಿತು.

ವ್ಯಾನಿನತ್ತ ಓಡಿದೆ. ಜಡಿದ ಬೀಗ ಹಾಗೆಯೇ ಇತ್ತು. ಒಳಗೆ, ಒಂದು ಗಂಟೆಯ ಹಿಂದೆ ನಾನು ಅಂಟಿಸಿದ್ದ ಮೆತ್ತೆ ಮರ ಕಾಣುವಷ್ಟು ಸವೆದುಹೋಗಿತ್ತು.