ನಾಲಿಗೆಗೆ ಅಂಟಿದ ಮೂಳೆ

"ಆ ಮರಳುದಿಣ್ಣೆ ಕಡೆ ಹೋಗ್ಬೇಡ ಕಣೋ. ಹೋದ್ರೂ ಏನೂ ಎತ್ಕೊಂಡು ಬರ್ಬೇಡ. ಬಂದ್ರೆ ಕೈ ತೊಳೀದೆ ಒಳಗೆ ಕಾಲಿಡ್ಬೇಡ," ಎಂದು ಹೂರಿಯಾ ದೊಡ್ಡಮ್ಮ ಬೆಳಿಗ್ಗೆಯೇ ಹೇಳಿದ್ದಳು.

ತೀಪೆನೆ ನಕ್ಕಿದ್ದ. "ಏನ್ ದೊಡ್ಡಮ್ಮ, ಮರಳಿಗೂ ಸೂತಕಾನಾ?"

"ಅಲ್ಲೊಬ್ಬ ತಾಯಿ ಮಾಕುತು ಇಟ್ಟು ಹೋಗಿದಾಳೆ. ಮಾಟ ಕಣೋ, ನಗೋ ವಿಷಯ ಅಲ್ಲ."

"ಇಷ್ಟು ವರ್ಷಕ್ಕೆ ಅದಕ್ಕೂ ನಿನ್ನ ಹಾಗೆ ಮಂಡಿನೋವು ಬಂದಿರತ್ತೆ, ಬಿಡು."

ಆಕ್ಲೆಂಡ್ ನಗರದಲ್ಲಿ ಹುಟ್ಟಿ ಬೆಳೆದವನು ಅವನು, ತಾಯಿಯ ಈ ಕಡಲೂರಿಗೆ ಶಾಸ್ತ್ರವೊಂದಕ್ಕೆ ಬಂದಿದ್ದ. ತಾಯಿ ಮೆರಿಯಾನಾ ತೀರಿಕೊಂಡು ವರ್ಷವಾಗಿತ್ತು. ಮರುದಿನ ಅವಳ ಸಮಾಧಿಕಲ್ಲಿನ ಮೇಲಿನ ಹೊದಿಕೆ ತೆಗೆಯುವ ಶಾಸ್ತ್ರ. ಒಬ್ಬನೇ ಮಗ ಎದ್ದು ನಿಂತು ತಾಯಿಯ ಹೆಸರು ಹಿಡಿದು ಕೂಗಬೇಕು. ಆ ಕೂಗು ಕೇಳಿಯೇ ಸತ್ತವಳು ಕೊನೆಯ ಸಲ ತಿರುಗಿ ನೋಡಿ ಹೊರಡುತ್ತಾಳೆ ಎಂಬುದು ಆ ಮನೆತನದ ನಂಬಿಕೆ. ನಂಬಿಕೆ ಗಿಂಬಿಕೆ ಏನೇ ಇರಲಿ, ಆ ಒಂದು ಕೂಗಿಗಾಗಿ ತೀಪೆನೆ ವರ್ಷವಿಡೀ ಕಾದಿದ್ದ. ಅಮ್ಮ ಆಸ್ಪತ್ರೆಯಲ್ಲಿ ಸಾಯುವಾಗ ಅವನು ಪಕ್ಕದಲ್ಲಿರಲಿಲ್ಲ.

ಆದರೆ ಎರಡು ತಿಂಗಳ ಹಿಂದೆ ಅವನು ಪಳೆಯುಳಿಕೆ ಹುಡುಕುವವರ ಗುಂಪಿಗೆ ಸೇರಿದ್ದ. ಎರಡು ತಿಂಗಳ ವಿದ್ಯೆಗೆ ಬಾಯಿ ಜೋರು. ಹಿಂದಿನ ವಾರದ ಬಿರುಗಾಳಿ ದಿಣ್ಣೆಯ ಪಕ್ಕೆ ಕೊಯ್ದಿತ್ತು. ದೊಡ್ಡಮ್ಮನ ಮಾತು ಮೀರಿ ಅವನು ಹೋದಾಗ ಅಲ್ಲಿ ಬೆರಳುದ್ದದ ಕಂದು ತುಂಡೊಂದು ಇಣುಕುತ್ತಿತ್ತು, ತೆಳ್ಳಗೆ, ಬಿಲ್ಲಿನಂತೆ ಬಾಗಿ. ಯಾವತ್ತೋ ಅಳಿದುಹೋದ ದೈತ್ಯ ಹಕ್ಕಿ ಮೋವಾದ್ದೇ ಇದು ಎಂದುಕೊಂಡು ಜೇಬಿಗೆ ಹಾಕಿಕೊಂಡ. ಕೈ ತೊಳೆಯಲಿಲ್ಲ.

ದೊಡ್ಡಮ್ಮ ಮರುದಿನದ ನೆಂಟರಿಗೆ ಚಾಪೆ ಹಾಸಲು ಹೋಗಿದ್ದಳು. ಅಡುಗೆಮನೆಯ ಒಲೆಯ ಮೇಲೆ ಹಂದಿಮೂಳೆ ಸೊಪ್ಪಿನ ಜೊತೆ ಕುದಿಯುತ್ತಿತ್ತು. ಮಧ್ಯಾಹ್ನವೇ ಮೋಡ ಕವಿದು ಕಿಟಕಿ ಕಪ್ಪಾಗಿತ್ತು. ಊಟದ ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕದಲ್ಲಿ, ಅವನು ಪರೀಕ್ಷೆಗೆ ಕುಳಿತ.

ಮೊದಲು ತೂಕ. ಕಲ್ಲಾಗಿದ್ದರೆ ಭಾರವಿರಬೇಕು. ಇದು ಹಗುರ. ಅಲ್ಲಿಗೇ ನಿಲ್ಲಿಸಬೇಕಿತ್ತು. ಹಕ್ಕಿಯದಲ್ಲವೇ, ಹಗುರವೇ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಎರಡನೆಯದು ನಾಲಿಗೆ. ಬರೀ ಕಲ್ಲು ಜಾರುತ್ತದೆ, ಮೂಳೆ ಅಂಟುತ್ತದೆ. ಮುರಿದ ತುದಿಯನ್ನು ನಾಲಿಗೆಗೆ ಒತ್ತಿದ. ಅಂಟಿತು. ಎಳೆದರೆ ಬರಲಿಲ್ಲ. ಇನ್ನಷ್ಟು ಎಳೆದಾಗ ಚುರುಕ್ಕೆಂದು ಕಿತ್ತು ಬಂತು, ಬಾಯಲ್ಲಿ ಉಪ್ಪು, ರಕ್ತ. ಅವನಿಗೆ ಖುಷಿಯೋ ಖುಷಿ.

ಮೂರನೆಯದು ಕಾಯಿಸಿದ ಸೂಜಿ. ಕಲ್ಲಾದ ಮೂಳೆ ಸುಟ್ಟರೂ ವಾಸನೆ ಬರುವುದಿಲ್ಲ. ಒಲೆಯ ಉರಿಯಲ್ಲಿ ಕೆಂಪಗಾದ ಸೂಜಿಯನ್ನು ಅದಕ್ಕೆ ತಾಗಿಸಿದ.

ಚುಂಯ್ ಎಂದಿತು. ಎಳೆಯಂಥ ಹೊಗೆ ಎದ್ದಿತು. ಸುಟ್ಟ ಕೂದಲಿನ ವಾಸನೆ.

ಇದು ಪಳೆಯುಳಿಕೆಯಲ್ಲ. ಹಕ್ಕಿಯದೂ ಅಲ್ಲ. ಬಾಗಿದ ಆ ತುಂಡನ್ನು ಅವನು ಅರಿವಿಲ್ಲದೆ ತನ್ನ ಪಕ್ಕೆಲುಬಿಗೆ ಹಿಡಿದು ನೋಡಿದ. ಅದೇ ಬಾಗು. ಅಳತೆ ಮಾತ್ರ ಚಿಕ್ಕದು, ಬಹಳ ಚಿಕ್ಕದು.

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಮೂಗಿಗೆ ಅಂಗೈ ಅಡ್ಡ ಹಿಡಿದಿದ್ದಳು.

"ಯಾರನ್ನ ಸುಡ್ತಿದೀಯೋ?"

ಅವನು ಬಾಯಿ ತೆರೆದ. ಮಾತಿನ ಬದಲು ಮರಳು ಉದುರಿತು. ಉಗುಳಿದ. ಮತ್ತೆ ಮರಳು. ಗಂಟಲು ಒಣಗಿತು. ನಾಲಿಗೆ ಬಿರುಸಾಯಿತು. ಮುಟ್ಟಿ ನೋಡಿದ. ತೂತುತೂತು. ಮೂಳೆ. ಕಿವಿಯೊಳಗೆ ಸಮುದ್ರ. ಅದರಾಚೆ ಒಂದು ಕೂಸಿನ ಅಳು. ಉಸಿರಿಲ್ಲ. ಉಸಿರಿಲ್ಲ.

ದೊಡ್ಡಮ್ಮ ತಂಬಿಗೆ ನೀರು ಅವನ ತಲೆಗೆ ಸುರಿದು, ರಟ್ಟೆ ಹಿಡಿದು ದಿಣ್ಣೆಗೆ ಎಳೆದೊಯ್ದಳು. "ಬಾಯಿಗೆ ಇಟ್ಯಾ? ನಮ್ಮೋರ ಮೂಳೇನ? ಅನ್ನದ ಮೇಜಿನ ಮೇಲೆ? ಶತ್ರುಗೂ ಯಾರೂ ಹಂಗ್ ಮಾಡಲ್ವಲ್ಲೋ!" ಅವಳು ಬೈಯುತ್ತಿರಲಿಲ್ಲ, ಅಳುತ್ತಿದ್ದಳು. "ಜ್ವರದ ವರ್ಷ ಸತ್ತ ಕೂಸು ಅದು. ನಿಮ್ಮಮ್ಮನ ಅಜ್ಜಿ ಹೆತ್ತು, ತನ್ನ ಕೈಯಾರೆ ಹೂತಿದ್ದು."

ಕೈಯಲ್ಲಿದ್ದ ಮೂಳೆಯನ್ನು ಅವನೇ ಮೊಣಕಾಲೂರಿ ಹೂತ. ದೊಡ್ಡಮ್ಮ ಹಳೆಯ ಮಾತಿನಲ್ಲಿ ಬೇಡಿಕೊಂಡಳು. ಸ್ವಲ್ಪ ಹೊತ್ತಿಗೆ ಉಸಿರು ಬಂತು, ನಾಲಿಗೆ ಒದ್ದೆಯಾಯಿತು. ಮನೆಯ ಹಾದಿಯಲ್ಲಿ ಅವನು ತಲೆ ಎತ್ತಲಿಲ್ಲ. ಭಯಕ್ಕಿಂತ ನಾಚಿಕೆಯೇ ಅವನನ್ನು ಹೆಚ್ಚು ಸುಡುತ್ತಿತ್ತು.

"ನಾಳೆ ಎಲ್ಲರೆದುರು ನೀನೇ ಹೇಳು," ಎಂದಳು ದೊಡ್ಡಮ್ಮ. "ನಾನು ಹೇಳಲ್ಲ."

ಮರುದಿನ ಸಮಾಧಿಯ ಮುಂದೆ ಅವನು ಎಲ್ಲವನ್ನೂ ಹೇಳಿದ. ನಕ್ಕಿದ್ದು, ತಂದದ್ದು, ನೆಕ್ಕಿದ್ದು, ಸುಟ್ಟದ್ದು. ಮುದುಕರು ನೆಲ ನೋಡಿದರು. ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಹೊದಿಕೆ ಸರಿಯಿತು. ಕಲ್ಲಿನ ಮೇಲೆ ಅಕ್ಷರಗಳು ಹೊಳೆದವು. ಅವನು ಎದೆ ತುಂಬ ಉಸಿರೆಳೆದು ಬಾಯಿ ತೆರೆದ.

ಏನೂ ಬರಲಿಲ್ಲ. ಅಕ್ಷರ ಕಾಣುತ್ತಿತ್ತು, ಕೂಡಿಸಿದರೆ ಹೆಸರಾಗುತ್ತಿರಲಿಲ್ಲ. ದೊಡ್ಡಮ್ಮನ ಹೆಸರು ಬಾಯಲ್ಲಿತ್ತು, ಮಾವನ ಹೆಸರಿತ್ತು, ಬೀದಿನಾಯಿಯ ಹೆಸರೂ ಇತ್ತು.

"ದೊಡ್ಡಮ್ಮ, ಹೇಳ್ಕೊಡು," ಎಂದು ಅಂಗಲಾಚಿದ. "ಅಮ್ಮನ ಹೆಸರೇನು?"

ದೊಡ್ಡಮ್ಮನ ಮುಖ ಬಿಳಿಚಿತು. "ನನ್ನ ಕೂಸಿನ ಮೈ ಮುಟ್ಟಿದವನಿಗೆ ಅವನ ತಾಯಿ ಸಿಗದೇ ಹೋಗ್ಲಿ ಅಂತ ಆ ಅಜ್ಜಿ ಮಾಟ ಇಟ್ಟಿದ್ಳು," ಎಂದು ತೊದಲಿದಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು ಹೆಸರು ಹೇಳಿದಳು. ಒಮ್ಮೆ, ಎರಡು ಸಲ, ಕೊನೆಗೆ ಕಿರುಚಿ ಹೇಳಿದಳು. ಅಲ್ಲಿದ್ದವರೆಲ್ಲರಿಗೂ ಕೇಳಿಸಿತು. ಅವನಿಗೆ ಕೇಳಿಸಿದ್ದು ಮರಳು ಜಾರುವ ಸದ್ದು ಮಾತ್ರ.