ಹೊಡೆದುಹಾಕಿದ ಮಾತು

ಸೆನ್ಸಾರ್ ಮಂಡಳಿಯ ಕಾಗದವನ್ನು ಸೊಸೆ ಓದಿ ಮುಗಿಸುವ ಹೊತ್ತಿಗೆ ತಟ್ಟೆಯಲ್ಲಿದ್ದ ಅನ್ನ ತಣ್ಣಗಾಗಿತ್ತು. ಅತ್ತೆ, ಮಾವ, ಮಗ, ಸೊಸೆ ನಾಲ್ವರಲ್ಲಿ ಯಾರೂ ಕೈಯಿಟ್ಟಿರಲಿಲ್ಲ. ನಾಯಕಿ ರಂಗದ ಮೇಲೆ ನಿಂತು ಸರ್ಕಾರ ಹೊಡೆದುಹಾಕಿದ ಮಾತನ್ನು ಆಡುವ ಒಂಬತ್ತು ನಿಮಿಷದ ದೃಶ್ಯ ಮಗನ ಚಿತ್ರದಲ್ಲಿ ಉಳಿಯಬೇಕಾದರೆ, ಆ ಮಾತು ಬೇಕೆಂದು ಆಡಿದ್ದಲ್ಲ, ಬಾಯಿತಪ್ಪಿ ಬಂದದ್ದು ಎಂದು ಚಿತ್ರದ ಮೊದಲಲ್ಲೇ ಬರಹ ತೋರಿಸಬೇಕಂತೆ. ಆ ದಿನ ಅಲ್ಲಿದ್ದವರು ನಾಳೆ ಮಂಡಳಿಯ ಮುಂದೆ ಬಂದು ಹಾಗೆಂದು ಬರೆದುಕೊಡಬೇಕಂತೆ. ಇಲ್ಲವಾದರೆ ದೃಶ್ಯಕ್ಕೆ ಕತ್ತರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು ಬರೆಯುವ ಕಾಗದ ಹೀಗೇ ಇರುತ್ತದೆ.

"ಬಾಯಿತಪ್ಪಿ ಬಂದಿದ್ದಾ?" ಅತ್ತೆ ಕೇಳಿದರು. "ಆರು ತಿಂಗಳು ಜೈಲಲ್ಲಿ ಕೂತಿದ್ದೆನಲ್ಲ, ಅದೂ ಕಾಲು ಜಾರಿ ಬಿದ್ದಿದ್ದಾ?"

ಇದು ಅತ್ತೆಯದೇ ಕಥೆ. ಮೂವತ್ತೊಂದು ವರ್ಷಗಳ ಹಿಂದೆ ಊರಿನ ಗಿರಣಿ ಮುಚ್ಚಿ ಮನೆಮನೆಯ ಒಲೆ ಆರಿದಾಗ ಅವರ ನಾಟಕ ಕಂಪನಿ ಅದನ್ನೇ ನಾಟಕ ಮಾಡಿ ಆಡಿತ್ತು. ಅನುಮತಿ ಕೊಡುವ ಅಧಿಕಾರಿ ಇಡೀ ನಾಟಕ ಓದಿ ಒಂದೇ ಒಂದು ಮಾತನ್ನು ನೀಲಿ ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿದ್ದ. "ನಮ್ಮ ಒಲೆ ತಾನಾಗಿ ಆರಲಿಲ್ಲ, ಆರಿಸಿದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ" ಎನ್ನುವುದು ಆ ಮಾತು. ಅದರ ಬದಲಿಗೆ "ನಮ್ಮ ಒಲೆ ಆರಿತು, ಎಲ್ಲ ನಮ್ಮ ಹಣೆಬರಹ" ಎಂದು ತಾನೇ ಬರೆದುಕೊಟ್ಟಿದ್ದ. ಅಧಿಕಾರಿಗಳಿಗೂ ಒಮ್ಮೊಮ್ಮೆ ಕವಿಯಾಗುವ ಆಸೆ ಹುಟ್ಟುತ್ತದೆ. ಇಪ್ಪತ್ತು ಪ್ರದರ್ಶನ ಹಣೆಬರಹದಲ್ಲೇ ಕಳೆಯಿತು. ಇಪ್ಪತ್ತೊಂದನೆಯ ದಿನ ಮಂತ್ರಿಯೂ ಗಿರಣಿಯ ಮಾಲೀಕನೂ ಮುಂದಿನ ಸಾಲಿನಲ್ಲಿ ಕೂತಿದ್ದಾಗ, ನಾಯಕಿಯಾಗಿದ್ದ ಆಕೆ ಮೊದಲಿನ ಮಾತನ್ನೇ ಆಡಿದರು, ಆಡಿ ಬೆರಳು ತೋರಿಸಿದರು. ಮರುದಿನ ಕಂಪನಿಗೆ ಬೀಗ ಬಿತ್ತು. ಕಂಪನಿಯ ರಾಜಪಾತ್ರದವನು ಗೋದಾಮಿನ ಕಾವಲಿಗೆ ಹೋದ, ವಿದೂಷಕ ಬಸ್ ನಿಲ್ದಾಣದಲ್ಲಿ ಬಾಚಣಿಗೆ ಮಾರಿದ, ನಾಯಕಿ ಜೈಲಿಗೆ ಹೋದರು. ಹೊರಬಂದಾಗ ಅವರ ಹತ್ತಿರ ಉಳಿದದ್ದು ಧೈರ್ಯವಂತೆ ಎಂಬ ಹೆಸರು ಮಾತ್ರ.

ಈಗ ಮತ್ತೆ ಅಂಥದೇ ಕಾಲ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಎಳೆದುಕೊಳ್ಳುತ್ತಿದ್ದವು. ಮಗ ಮನೆ ಮಾರಿ, ತಾಯಿಯ ಕಥೆಯನ್ನೇ ಚಿತ್ರ ಮಾಡಿದ್ದ. ಅವನ ಹೆಂಡತಿಯೇ ಅದರ ಸಂಕಲನಕಾರ್ತಿ. ನಾಲ್ವರೂ ಈಗ ದರ್ಜಿಯಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಕೆಳಗೆ ಹೊಲಿಗೆಯಂತ್ರ ತಿರುಗಿದಾಗಲೆಲ್ಲ ನೆಲ ಸಣ್ಣಗೆ ನಡುಗುತ್ತಿತ್ತು. ಚಿತ್ರ ತೆರೆಗೆ ಬರದೆ ಸಂಬಳ ಸಿಗದ ನಲವತ್ತು ಮಂದಿ ಕೆಲಸಗಾರರಲ್ಲಿ ದಿನಕ್ಕೆ ಒಬ್ಬರಾದರೂ ಮೆಟ್ಟಿಲು ಹತ್ತಿ ಬಂದು, ಏನನ್ನೂ ಕೇಳದೆ ನೀರು ಕುಡಿದು ಹೋಗುತ್ತಿದ್ದರು. ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸೊಸೆಗೆ ಅನ್ನಿಸುತ್ತಿತ್ತು.

"ಆ ದೃಶ್ಯ ತೆಗೆದ್ರೆ ಜೋಡಿಸೋಕೆ ಏನೂ ಉಳಿಯಲ್ಲ ಅತ್ತೆ," ಎಂದಳು ಸೊಸೆ.

"ಹಾಗಂತ ಅಮ್ಮನ ಹತ್ರ ಸುಳ್ಳು ಬರೆಸ್ತೀಯಾ?" ಮಗ ಸಿಡುಕಿದ. "ಅದು ಬೇಕಂತ ಆಡಿದ ಮಾತು ಅನ್ನೋ ಒಂದೇ ಕಾರಣಕ್ಕೆ ನಾನು ಈ ಚಿತ್ರ ಮಾಡಿದ್ದು. ಆ ಬರಹ ಹಾಕೋದಾದ್ರೆ ಚಿತ್ರ ಡಬ್ಬದಲ್ಲೇ ಕೊಳೀಲಿ."

ಅತ್ತೆ ಗಂಡನ ಕಡೆ ತಿರುಗಿದರು. "ನೀವೂ ಅಲ್ಲೇ ಇದ್ರಲ್ಲ. ನಿಮ್ಮದೇನೂ ಇಲ್ವಾ? ಇರಲ್ಲ ಬಿಡಿ. ಪರದೆ ಮರೆಯಲ್ಲಿ ನಿಂತವರಿಗೆ ಯಾವತ್ತೂ ಏನೂ ಆಗಲ್ಲ."

ಮಾವ ಎದ್ದು ಕೈ ತೊಳೆದುಕೊಂಡರು. ಅವರು ಅದೇ ಕಂಪನಿಯ ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಮರೆಯಲ್ಲಿ, ದೀಪದ ಹತ್ತಿರ ಪುಸ್ತಕ ಹಿಡಿದು ನಿಂತು, ಪ್ರತಿ ಮಾತನ್ನೂ ನಟರಿಗಿಂತ ಅರ್ಧ ಉಸಿರು ಮುಂಚೆ ಪಿಸುಗುಟ್ಟುವುದು ಅವರ ಕೆಲಸ. ಅದಕ್ಕೇ ಕಂಪನಿಯಲ್ಲಿ ಅವರಿಗೆ ಪಿಸುರಾಯರು ಎಂಬ ಹೆಸರು ಬಿದ್ದಿತ್ತು. ರಂಗದ ಮೇಲೆ ಹೆಂಡತಿ ಗಂಡನ ಮಾತು ಕೇಳುವುದನ್ನು ನೋಡಬೇಕಾದರೆ ಟಿಕೆಟ್ ತೆಗೆದುಕೊಳ್ಳಿ ಎಂದು ವಿದೂಷಕ ನಗೆಯಾಡುತ್ತಿದ್ದ. ಜೈಲಿನಿಂದ ಬಂದ ಮೇಲೆ ಆಕೆ ಮನೆಯಲ್ಲೂ ಗಂಡನ ಮಾತು ಕೇಳುವುದನ್ನು ಬಿಟ್ಟರು. ಊಟ ಬಡಿಸಿದರು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದರು, ಆದರೆ ಹೇಡಿ ಎನ್ನುವ ಮಾತನ್ನು ನೂರು ಬಗೆಯಲ್ಲಿ ಎದೆಗೆ ಚುಚ್ಚಿದರು. ಯಾಕೆಂದು ಮಗನಿಗೂ ತಿಳಿಯದು. ಅಪ್ಪ ಅಮ್ಮನ ಹೆಸರಿನ ನೆರಳಲ್ಲಿ ಬದುಕಿದರು ಎಂದಷ್ಟೇ ಅವನು ತಿಳಿದಿದ್ದ. ಚಿತ್ರದಲ್ಲಿ ಪ್ರಾಂಪ್ಟರ್ ಪಾತ್ರವೇ ಇರಲಿಲ್ಲ.

ಮರುದಿನ ಮಂಡಳಿಯ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರು ಸದಸ್ಯರು, ಬರೆದುಕೊಳ್ಳಲು ಒಬ್ಬ ಗುಮಾಸ್ತ ಇದ್ದರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಬರೆದುಕೊಡುವವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ಇಲ್ಲವೆನ್ನಲು ಮಗ ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದು ನಿಂತರು.

"ತಪ್ಪು ನನ್ನದು ಸ್ವಾಮಿ," ಎಂದರು.

"ಸ್ವಲ್ಪ ಜೋರಾಗಿ ಹೇಳಿ. ಕೇಳಿಸಲ್ಲ."

ಬದುಕೆಲ್ಲ ಪಿಸುಗುಟ್ಟಿದ ಗಂಟಲು ಜೋರು ಮಾಡಲು ಅವರಿಗೆ ಎರಡು ಸಲ ಕೆಮ್ಮಬೇಕಾಯಿತು. "ಮಾತು ಹೊಡೆದುಹಾಕಿದ ಮೇಲೆ ಪ್ರಾಂಪ್ಟರ್ ಪುಸ್ತಕನ ಹೊಸದಾಗಿ ಬರೀಬೇಕು, ಅದು ಪದ್ಧತಿ. ಆಗ ಕಾಗದಕ್ಕೂ ಕಾಸಿರಲಿಲ್ಲ. ಹಳೇ ಮಾತಿನ ಮೇಲೆ ಒಂದು ಚೀಟಿ ಅಂಟಿಸಿ, ಅದರ ಮೇಲೆ ಬದಲಿ ಮಾತು ಬರೆದೆ. ಅಂಟಿಗೂ ಮೈದಾ ಕಡಿಮೆ, ನೀರು ಜಾಸ್ತಿ. ದಿನಾ ದೀಪದ ಶಾಖಕ್ಕೆ ಒಣಗಿ ಒಣಗಿ, ಆವತ್ತು ಹಾಳೆ ತಿರುವಿದಾಗ ಚೀಟಿ ಕಿತ್ತು ಬಿತ್ತು. ಕಣ್ಣಿಗೆ ಕಂಡಿದ್ದನ್ನ ಹೇಳೋದು ನನ್ನ ಅಭ್ಯಾಸ. ಹೇಳಿಬಿಟ್ಟೆ... ಹೇಳಿದ ಮೇಲೆ ಗೊತ್ತಾಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗ ತಂದೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಅತ್ತೆಯ ಮುಖದಲ್ಲಿ ಮಾತ್ರ ಸೊಸೆ ಬೇರೇನನ್ನೋ ಕಂಡಳು. ಅದು ಕೋಪವಾಗಿರಲಿಲ್ಲ. ಎಷ್ಟೋ ವರ್ಷದಿಂದ ಹೊತ್ತದ್ದು ಕೈಯಿಂದ ಬಿದ್ದಾಗ, ಕೈ ಇನ್ನೂ ಹೊತ್ತ ಹಾಗೆಯೇ ಇರುತ್ತದಲ್ಲ, ಹಾಗಿತ್ತು.

ಅಧ್ಯಕ್ಷರಿಗೆ ಸಂತೋಷವಾಯಿತು. "ಅಂದ್ರೆ ಅಮ್ಮ, ಇವರು ಹೇಳಿಕೊಟ್ಟದ್ದನ್ನು ನೀವು ಗೊತ್ತಿಲ್ಲದೆ ಆಡಿದಿರಿ. ಹೌದು ತಾನೇ?"

ಆಕೆ ಗಂಡನನ್ನು ನೋಡಿದರು. ಅವರು ಇನ್ನೂ ನಿಂತೇ ಇದ್ದರು. ಗುಮಾಸ್ತ ಪೆನ್ನು ಎತ್ತಿ ಹಿಡಿದಿದ್ದ.

"ಹೌದು," ಎಂದರು ಆಕೆ. "ಇವರು ಹೇಳಿದ್ರು, ನಾನು ಆಡಿದೆ." ಗುಮಾಸ್ತ ತೋರಿಸಿದಲ್ಲಿ ಇಬ್ಬರೂ ಸಹಿ ಹಾಕಿದರು.

ಪ್ರಮಾಣಪತ್ರಕ್ಕಾಗಿ ಮಗ ಸೊಸೆ ಒಳಗೆ ಉಳಿದರು. ಗಂಡ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತರು.

"ಮೊದಲು ಹೆದರಿ ಹೇಳಲಿಲ್ಲ," ಎಂದರು ಪಿಸುರಾಯರು. "ಆಮೇಲೆ ಜನ ನಿನ್ನ ಹೆಸರು ಹಿಡಿದು ಜೈಕಾರ ಹಾಕಿದ್ರು. ಕಂಪನಿ ಹೋಯ್ತು, ಸಂಪಾದನೆ ಹೋಯ್ತು, ನಿನಗೆ ಉಳಿದಿದ್ದು ಅದೊಂದೇ. ಅದನ್ನೂ ಹೇಗೆ ಕಿತ್ಕೊಳ್ಳಲಿ? ಇವತ್ತು ಮಗನಿಗೋಸ್ಕರ ಕಿತ್ಕೊಂಡೆ..."

"ಬದಲಿ ಮಾತು ನನಗೆ ಬಾಯಿಪಾಠ ಆಗಿತ್ತು," ಎಂದರು ಆಕೆ. "ಇಪ್ಪತ್ತು ದಿನ ಆಡಿದ್ದೆನಲ್ಲ. ನೀವು ಹೇಳದೇ ಇದ್ರೂ ಬರ್ತಿತ್ತು."

"ಮತ್ತೆ... ಹಳೇದನ್ನ ಯಾಕೆ ಆಡಿದೆ?"

"ಹೊಡೆದುಹಾಕಿದ ಮಾತು ನಿಮ್ಮ ಬಾಯಿಂದ ಬಂತು. ಇವರು ಧೈರ್ಯ ಮಾಡಿದ್ರು ಅಂದ್ಕೊಂಡೆ. ಇವರೇ ಧೈರ್ಯ ಮಾಡಿದ ಮೇಲೆ ನನ್ನದೇನು ಅಂತ ಆಡಿದೆ. ಜೈಲಲ್ಲಿ ದಿನಾ ಕಾದೆ. ಇವತ್ತು ಬರ್ತಾರೆ, ಆ ಮಾತು ಇಬ್ಬರದೂ ಅಂತ ಹೇಳ್ತಾರೆ ಅಂತ. ನೀವು ಹಣ್ಣು ತಂದ್ರಿ, ಸೋಪು ತಂದ್ರಿ, ಆ ಮಾತು ಮಾತ್ರ ಎತ್ತಲಿಲ್ಲ. ಮಾಡಿದ ಧೈರ್ಯನ ನುಂಗ್ಕೊಂಡ್ರು ಅಂತ ನಿಮ್ಮನ್ನ ದ್ವೇಷಿಸಿದೆ." "ನೀರು ಜಾಸ್ತಿಯಾದ ಅಂಟು ಅಂತ ನನಗೇನು ಗೊತ್ತು..."

ತಮ್ಮಲ್ಲಿ ಇಲ್ಲದ ಧೈರ್ಯವನ್ನು ನಂಬಿ ಹೆಂಡತಿ ಜೈಲಿಗೆ ಹೋಗಿದ್ದಳು ಎನ್ನುವುದು ಪಿಸುರಾಯರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಅತ್ತರು, ದನಿಯಿಲ್ಲದೆ.

"ಹಾಗಿದ್ರೆ ಒಳಗೆ ಯಾಕೆ ಹೌದು ಅಂದೆ? ನೀನು ಗೊತ್ತಿದ್ದೇ ಆಡಿದ್ದು. ಬಾ, ಹೋಗಿ ಹೇಳೋಣ."

"ಕೂತ್ಕೊಳ್ಳಿ. ಗೊತ್ತಾದ್ರೆ ನಿಮ್ಮ ಮಗ ಆ ಕಾಗದ ಹರಿದು ಅವರ ಮೇಜಿನ ಮೇಲೇ ಎಸೀತಾನೆ. ನಲವತ್ತು ಮನೆ ಕಾಯ್ತಿವೆ. ನಾನು ಆ ಮಾತು ಆಡಿದ್ದೂ ಅಂಥ ಮನೆಗಳಿಗೋಸ್ಕರ ಅಲ್ವಾ?"

ಅಷ್ಟರಲ್ಲಿ ಮಗ ಹೊರಬಂದ. ಅವನು ಬಯಸಿದ ಕಾಗದ ಕೈಯಲ್ಲಿತ್ತು, ಮುಖದಲ್ಲಿ ಗೆಲುವಿರಲಿಲ್ಲ. ತಾಯಿಯ ಮುಂದೆ ಬಂದು, ಚಿಕ್ಕಂದಿನಲ್ಲಿ ಕಥೆ ನಿಜವೇ ಎಂದು ಕೇಳುತ್ತಿದ್ದ ಹಾಗೆಯೇ ಕೇಳಿದ.

"ಅಮ್ಮ, ಸತ್ಯ ಹೇಳು. ಅದು ನಿಜವಾಗಲೂ ಬರೀ ಬಾಯಿತಪ್ಪಿ ಬಂದಿದ್ದಾ?"

ಪಿಸುರಾಯರ ತುಟಿ ಅಲುಗಿತು. ಆಕೆ ಅವರ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು.

"ಹೌದಪ್ಪ," ಎಂದರು. "ನಿಮ್ಮಪ್ಪ ಹೇಳಿದ್ದನ್ನ ಹಾಗೇ ಆಡಿಬಿಟ್ಟೆ, ಅಷ್ಟೇ."

ಮಗ ತಲೆ ತಗ್ಗಿಸಿದ. ಮೂವತ್ತು ವರ್ಷ ಅವನು ತಲೆಯ ಮೇಲೆ ಹೊತ್ತು ಮೆರೆಸಿದ ತಾಯಿ ಅವನ ಕಣ್ಣಲ್ಲಿ ಸಾಮಾನ್ಯ ಹೆಂಗಸಾಗುವುದನ್ನು ಆಕೆ ಕೂತಲ್ಲಿಂದಲೇ ನೋಡಿದರು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಕೆಲಸಗಾರರಿಗೆ ಸುದ್ದಿ ಹೇಳಬೇಕೆಂದು ಮೆಟ್ಟಿಲಿಳಿದ. ಸೊಸೆ ಹಿಂದೆಯೇ ಹೋದಳು.

"ನಡೀರಿ, ಬಸ್ಸು ಬರೋ ಹೊತ್ತಾಯ್ತು," ಎಂದು ಆಕೆ ಎದ್ದರು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.